ಜುಲೈ ಚಳಿಗೆ ‘ಅಫೀಲಿಯನ್’ ಕಾರಣ ಅಲ್ಲ

ಜುಲೈ ಹತ್ತಿರ ಬಂತೆಂದರೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಹಳೇ ಸಂದೇಶ ಮತ್ತೆ ಓಡಾಡುತ್ತದೆ. ‘ನಾಳೆ ಬೆಳಗ್ಗೆ 5.27ರಿಂದ ಅಫೀಲಿಯನ್ ಶುರು. ಭೂಮಿ ಸೂರ್ಯನಿಂದ ಶೇ 66ರಷ್ಟು ಜಾಸ್ತಿ ದೂರ ಹೋಗುತ್ತದೆ. ಆಗಸ್ಟ್‌ವರೆಗೆ ವಿಪರೀತ ಚಳಿ, ಕೆಮ್ಮು, ಜ್ವರ’ ಅಂತ.

ಅಫೀಲಿಯನ್ ಅಂದರೆ ಭೂಮಿ ಸೂರ್ಯನಿಂದ ಅತಿ ಹೆಚ್ಚು ದೂರ ಇರುವ ಜಾಗ. ಅದು ಸುಳ್ಳಲ್ಲ, ಲೆಕ್ಕ ಸುಳ್ಳು. ಭೂಮಿ ಸುತ್ತುವ ದಾರಿ ಪೂರ್ತಿ ದುಂಡಗಿಲ್ಲ. ಹಾಗಾಗಿ ಪ್ರತಿ ವರ್ಷ ಜುಲೈ ಮೊದಲ ವಾರದ ಹೊತ್ತಿಗೆ ನಾವು ಸೂರ್ಯನಿಂದ ಸುಮಾರು 15.2 ಕೋಟಿ ಕಿ.ಮೀ. ದೂರ ಇರುತ್ತೇವೆ. ಜನವರಿ ಆರಂಭದಲ್ಲಿ ಸುಮಾರು 14.7 ಕೋಟಿ. ವ್ಯತ್ಯಾಸ ಶೇ 3ರ ಆಸುಪಾಸು, ಅಷ್ಟೇ. ಸಂದೇಶ ಬರೆದವರು ಮಾಮೂಲಿ ದೂರವನ್ನೇ 9 ಕೋಟಿ ಕಿ.ಮೀ. ಅಂತ ಹಾಕಿಕೊಂಡಿದ್ದಾರೆ. ಶೇ 66 ಹುಟ್ಟಿದ್ದು ಅಲ್ಲಿಂದ. ಆ 5.27 ಮಾತ್ರ ಯಾವ ವರ್ಷವೂ ಬದಲಾಗುವುದಿಲ್ಲ, ನೋಡಿ!

ದೂರದಿಂದಲೇ ಚಳಿ ಬರುವುದಾದರೆ ಜನವರಿಯಲ್ಲಿ ನಮಗೆ ಸೆಕೆ ಆಗಬೇಕಿತ್ತು, ಅಲ್ವಾ? ಋತುಗಳು ಬದಲಾಗುವುದು ಭೂಮಿ ಸುಮಾರು 23.5 ಡಿಗ್ರಿ ವಾಲಿಕೊಂಡಿರುವುದರಿಂದ. ಜುಲೈನಲ್ಲಿ ನಮ್ಮ ಉತ್ತರಾರ್ಧ ಸೂರ್ಯನ ಕಡೆಗೇ ವಾಲಿರುತ್ತದೆ. ಅದಕ್ಕೇ ದೆಹಲಿಯವರು ಆಗಲೂ ಬೆವರುತ್ತಿರುತ್ತಾರೆ.

ಹಾಗಾದರೆ ಬೆಂಗಳೂರು, ಮಡಿಕೇರಿಯಲ್ಲಿ ಸ್ವೆಟರ್ ಹೊರಗೆ ಬರುವುದು ಯಾಕೆ? ಮುಂಗಾರು. ದಿನವಿಡೀ ಮೋಡ ಬಿಸಿಲನ್ನು ತಡೆಯುತ್ತದೆ, ಅರಬ್ಬಿ ಸಮುದ್ರದ ಕಡೆಯಿಂದ ತೇವದ ಗಾಳಿ ಬೀಸುತ್ತದೆ, ಮಳೆ ನೆಲವನ್ನು ತಣ್ಣಗಿಡುತ್ತದೆ. ಒಗೆದ ಬಟ್ಟೆ ಒಣಗದಿರುವುದಕ್ಕೂ ಇದೇ ಕಾರಣ.

ಶೀತ, ಜ್ವರ ತರುವುದು ಹೆಚ್ಚಾಗಿ ವೈರಸ್‌ಗಳು. ಮಳೆಗಾಲದಲ್ಲಿ ಕಿಟಕಿ ಮುಚ್ಚಿ ಎಲ್ಲರೂ ಒಂದೇ ಕೋಣೆಯಲ್ಲಿ ಕೂತರೆ ಅವು ಸುಲಭವಾಗಿ ಹರಡುತ್ತವೆ. ಸೂರ್ಯನನ್ನು ಸುಮ್ನೆ ಬೈಯಬೇಡಿ.