ಪೈಥಾನ್ ಬರೀ ಮೇಲ್ಹೊದಿಕೆ

"ನಾವು ಬರೆಯೋದು ಪೈಥಾನ್‌ನಲ್ಲಿ, ಬಫರ್ ಓವರ್‌ಫ್ಲೋ ಎಲ್ಲಿಂದ ಬರಬೇಕು?" ಇವತ್ತು ಮತ್ತೆ ಇದೇ ಮಾತು ಕಿವಿಗೆ ಬಿತ್ತು. ಬಫರ್ ಓವರ್‌ಫ್ಲೋ ಅಂದರೆ ಮೀಸಲಿಟ್ಟ ಮೆಮೊರಿಯ ಗಡಿ ದಾಟಿ ಬರೆಯುವುದು. ಸಿಟ್ಟು ತಡೆಯಲಾಗುತ್ತಿಲ್ಲ. ಮೆಷಿನ್ ಲರ್ನಿಂಗ್ ಲೈಬ್ರರಿಗಳಾದ ಟೆನ್ಸರ್‌ಫ್ಲೋ ಆಗಲಿ, ಪೈಟಾರ್ಚ್ ಆಗಲಿ, ಒಳಗೆ ಲೆಕ್ಕ ಮಾಡುವುದು ಸಿ++ ಮತ್ತು ಕುಡಾ (ಎನ್‌ವಿಡಿಯಾ ಜಿಪಿಯು ಮೇಲೆ ಓಡುವ) ಕೋಡ್. ಅಲ್ಲಿ ಗಡಿ ದಾಟಿ ಬರೆದರೆ ಎಕ್ಸೆಪ್ಷನ್ ಬರುವುದಿಲ್ಲ, ಪಕ್ಕದ ಮೆಮೊರಿ ಸದ್ದಿಲ್ಲದೆ ಹಾಳಾಗುತ್ತೆ.

ಒಂದು ಲೆಕ್ಕ ಹಾಕಿ. ಮಾಡೆಲ್ ಫೈಲಿನ ಹೆಡರ್‌ನಲ್ಲಿ, ಅಂದರೆ ಆರಂಭದ ವಿವರ ಭಾಗದಲ್ಲಿ, ಎಷ್ಟು ಅಂಶಗಳಿವೆ ಅನ್ನೋ 64 ಬಿಟ್ ಸಂಖ್ಯೆ ಇದೆ, ಒಂದೊಂದಕ್ಕೂ 8 ಬೈಟ್ ಬೇಕು. ಫೈಲ್ ಮಾಡಿದವನು ಅಲ್ಲಿ 2ರ 61ನೇ ಘಾತಕ್ಕೆ 1 ಕೂಡಿಸಿ ಬರೆದಿಟ್ಟ ಅಂದುಕೊಳ್ಳಿ. 8ರಿಂದ ಗುಣಿಸಿದರೆ 64 ಬಿಟ್ ಮೀರಿ, ಕೊನೆಗೆ ಉಳಿಯುವುದು ಬರೀ 8. ಮೆಮೊರಿ ಕೊಡುವ ಮ್ಯಾಲಕ್ ಫಂಕ್ಷನ್ ಅಷ್ಟೇ ಬೈಟ್ ಕೊಡುತ್ತೆ. ಲೂಪ್ ಮಾತ್ರ ಮೂಲ ಸಂಖ್ಯೆಯನ್ನೇ ನಂಬಿ ಬರೆಯುತ್ತಾ ಹೋಗುತ್ತೆ, ಎರಡನೇ ಅಂಶಕ್ಕೇ ಗಡಿ ದಾಟುತ್ತೆ. ಫೈಲ್ ಮುಗಿದಾಗ ಓದು ವಿಫಲವಾಗಿ ಲೂಪ್ ನಿಂತರೆ ಇನ್ನೂ ಅಪಾಯ: ಎಷ್ಟು ದೂರ, ಏನು ಬರೆಯಬೇಕು ಅನ್ನೋದು ಫೈಲ್ ಮಾಡಿದವನ ಕೈಗೆ ಹೋಯಿತು. 2024ರಲ್ಲಿ ಭಾಷಾ ಮಾಡೆಲ್‌ಗಳನ್ನು ಓಡಿಸುವ ಲಾಮಾ.ಸಿಪಿಪಿಯಲ್ಲಿ, ಜಿಜಿಯುಎಫ್ ಮಾಡೆಲ್ ಫೈಲ್ ಓದುವ ಲೋಡರ್‌ನಲ್ಲಿ ಸಿಕ್ಕ ದೋಷಗಳಲ್ಲಿ ಈ ಬಗೆಯದೂ ಇತ್ತು.

"ತಪಾಸಣೆ ಹಾಕಿದರೆ ನಿಧಾನ ಆಗುತ್ತೆ" ಅನ್ನುತ್ತಾರೆ. ಲೆಕ್ಕ ಮಾಡುವ ಕರ್ನೆಲ್ ಒಳಗೆ ಪ್ರತಿ ಇಂಡೆಕ್ಸ್ ನೋಡುವುದಕ್ಕೆ ಸಮಯ ಹಿಡಿಯುತ್ತೆ, ಒಪ್ಪಿದೆ. ಆದರೆ ಹೆಡರ್ ಓದುವುದು ಲೋಡ್ ಮಾಡುವಾಗ ಒಂದೇ ಸಲ! ಗುಣಿಸುವ ಮೊದಲು, 64 ಬಿಟ್‌ನ ಗರಿಷ್ಠ ಬೆಲೆಯನ್ನು ಅಂಶದ ಅಳತೆಯಿಂದ ಭಾಗಿಸಿ, ಅಂಶಗಳ ಸಂಖ್ಯೆಯ ಜೊತೆ ಹೋಲಿಸಿ. ಫೈಲಿನಲ್ಲಿ ಅಷ್ಟು ಬೈಟ್ ಉಳಿದಿದೆಯಾ ನೋಡಿ. ಋಣ ಸಂಖ್ಯೆಯ ಡೈಮೆನ್ಷನ್, ಸೊನ್ನೆ ಸ್ಟ್ರೈಡ್ (ಒಂದು ಅಂಶದಿಂದ ಮುಂದಿನದಕ್ಕೆ ಹೋಗುವ ಹೆಜ್ಜೆ) ಬಂದರೆ ಅಲ್ಲೇ ತಿರಸ್ಕರಿಸಿ. ಇಷ್ಟಕ್ಕೆ ನಿಧಾನದ ನೆಪವೇ?

ಸೇಫ್‌ಟೆನ್ಸರ್ಸ್ ಅನ್ನೋ ಮಾಡೆಲ್ ಫೈಲ್ ಮಾದರಿ ಬಂದಮೇಲೆ ಎಲ್ಲ ಸರಿಹೋಯಿತು ಅನ್ನುವವರೂ ಇದ್ದಾರೆ. ಅದು ಮುಖ್ಯವಾಗಿ ತಪ್ಪಿಸಿದ್ದು ಪಿಕಲ್ (ಪೈಥಾನ್ ವಸ್ತುಗಳನ್ನು ಉಳಿಸುವ ಮಾದರಿ) ಫೈಲಿನೊಳಗಿನ ಕೋಡ್ ಓಡುವ ಅಪಾಯವನ್ನು. ಮಾಡೆಲ್‌ಗೆ ಕೊಡುವ ಚಿತ್ರಗಳ ದಾರಿ ತೆರೆದೇ ಇದೆ. ವೆಬ್‌ಪಿ ಚಿತ್ರ ಓದುವ ಲಿಬ್‌ವೆಬ್‌ಪಿ ಲೈಬ್ರರಿಯ 2023ರ ಹೀಪ್ ಓವರ್‌ಫ್ಲೋ, ದೋಷ ಸಂಖ್ಯೆ ಸಿವಿಇ-2023-4863, ನೆನಪಿದೆಯಾ? ಸಿಸ್ಟಂನ ಲಿಬ್‌ವೆಬ್‌ಪಿ ಅಪ್‌ಡೇಟ್ ಮಾಡಿ ಸುಮ್ಮನಾದವರಿಗೆ ರಕ್ಷಣೆ ಸಿಗಲಿಲ್ಲ, ಯಾಕೆಂದರೆ ಪಿಪ್‌ನಿಂದ ಇನ್‌ಸ್ಟಾಲ್ ಆಗುವ ಪೈಥಾನ್ ಚಿತ್ರ ಲೈಬ್ರರಿ ಪಿಲ್ಲೋದ ವ್ಹೀಲ್ (ಸಿದ್ಧ ಪ್ಯಾಕೇಜ್) ಒಳಗೆ ಲಿಬ್‌ವೆಬ್‌ಪಿಯ ಬೇರೆಯದೇ ಪ್ರತಿ ಇರುತ್ತೆ. ಪಿಲ್ಲೋವನ್ನೇ 10.0.1ಕ್ಕೆ ಏರಿಸಬೇಕಿತ್ತು.

ಲೈಬ್ರರಿ ಬರೆಯುವವರು ಲೋಡರನ್ನು ಗಡಿ ದಾಟಿದ ಓದು-ಬರಹವನ್ನು ಹಿಡಿಯುವ ಅಡ್ರೆಸ್‌ಸ್ಯಾನಿಟೈಸರ್ ಜೊತೆ ಬಿಲ್ಡ್ ಮಾಡಿ, ಕೆಟ್ಟ ಹೆಡರ್‌ಗಳನ್ನು ತುರುಕಿ ಪರೀಕ್ಷಿಸಿ, ಅಂದರೆ ಫಝ್ ಮಾಡಿ. ಸುಮಾರು ಎರಡು ಪಟ್ಟು ನಿಧಾನ, ಅದೂ ಟೆಸ್ಟ್‌ನಲ್ಲಿ ಮಾತ್ರ. ಬಳಸುವವರು ಅಪರಿಚಿತ ಮಾಡೆಲನ್ನು ನೆಟ್‌ವರ್ಕ್ ಇಲ್ಲದ, ಕೀಲಿ-ಪಾಸ್‌ವರ್ಡ್‌ಗಳು ಕೈಗೆ ಸಿಗದ ಬೇರೆ ಪ್ರೊಸೆಸ್‌ನಲ್ಲೇ ತೆರೆಯಿರಿ.