ಹನ್ನೊಂದು ಹಂಪಿನ ಸರ್ಕೀಟು

ನನಗೆ ರೇಸಿನ ಹುಚ್ಚು. ಬೈಕೋ ಕಾರೋ, ಗಾಲಿ ಇದ್ದು ಜೋರಾಗಿ ಓಡಿದರೆ ಸಾಕು. ಹುಚ್ಚು ದುಬಾರಿ, ಸಂಬಳ ಸೋವಿ. ಹೀಗಾಗಿ ನೋಡಿದ್ದೆಲ್ಲ ಬೆಳಗಾವಿಯ ಬಾಡಿಗೆ ಮನೆಯಲ್ಲಿ ಕೂತು ಮೊಬೈಲಿನಲ್ಲೇ. ನಮ್ಮ ದೇಶದಲ್ಲಿ ಫಾರ್ಮುಲಾ ಒನ್ ಕಾರ್ ರೇಸ್ ನಡೆದಿದ್ದು ಮೂರೇ ಸಲ, 2011ರಿಂದ 2013ರವರೆಗೆ, ಗ್ರೇಟರ್ ನೊಯ್ಡಾದಲ್ಲಿ. ಮೂರನ್ನೂ ಜರ್ಮನಿಯ ಸೆಬಾಸ್ಟಿಯನ್ ವೆಟ್ಟೆಲ್ ಗೆದ್ದ. ಇದು ಆಟವಾ, ಮನರಂಜನೆಯಾ, ಮನರಂಜನೆಯಾದರೆ ತೆರಿಗೆ ಎಷ್ಟು ಅಂತ ಜಗಳ ಬೇರೆ ನಡೀತು. ನಾನು ಟಿಕೆಟಿಗೆ ದುಡ್ಡು ಕೂಡಿಸುವಷ್ಟರಲ್ಲಿ ರೇಸೇ ಗಂಟುಮೂಟೆ ಕಟ್ಟಿತ್ತು.

ಆದರೆ ನನ್ನ ಜೀವ ಇರುವುದು ಐಲ್ ಆಫ್ ಮ್ಯಾನ್‌ನಲ್ಲಿ. ಇಂಗ್ಲೆಂಡ್, ಐರ್ಲೆಂಡ್ ನಡುವಿನ ಸಮುದ್ರದಲ್ಲಿರುವ ಪುಟ್ಟ ದ್ವೀಪ. ಅಲ್ಲಿನ ಹೆಸರಾಂತ ಬೈಕ್ ರೇಸಿಗೆ ಬೇರೆ ಟ್ರ್ಯಾಕ್ ಇಲ್ಲ, ಊರಿನ ರಸ್ತೆಯೇ ಟ್ರ್ಯಾಕು. ಮನೆ ಬಾಗಿಲ ಮುಂದೆ, ಹೊಲದ ಕಲ್ಲುಗೋಡೆಗೆ ಭುಜ ಉಜ್ಜುವಂತೆ ಬೈಕುಗಳು ಹೋಗುತ್ತವೆ. ಒಂದು ಸುತ್ತಿಗೆ 60.7 ಕಿಲೋಮೀಟರ್, ಇನ್ನೂರಕ್ಕೂ ಜಾಸ್ತಿ ತಿರುವು. 2023ರಲ್ಲಿ ಪೀಟರ್ ಹಿಕ್‌ಮನ್ ಅದನ್ನು 16 ನಿಮಿಷ 36 ಸೆಕೆಂಡಿನಲ್ಲಿ ಮುಗಿಸಿದ. ಗಂಟೆಗೆ ಸರಾಸರಿ 219 ಕಿಲೋಮೀಟರ್. ಅದೂ ಹಳ್ಳಿ ರಸ್ತೆಯಲ್ಲಿ!

ಇದನ್ನು ಮುಧೋಳದ ಕಡೆ ಇರುವ ನನ್ನ ಸೋದರಮಾವನ ಮುಂದೆ ಹೇಳಿದೆ. ಮಾಮಾ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು.

"ಹಳ್ಳಿ ರಸ್ತೆದಾಗ ರೇಸ್ ನೋಡಾಕ ಹಡಗ ಹತ್ತಬೇಕೇನೋ ತಮ್ಮಾ? ನಮ್ಮೂರಿಗೆ ಬಾ. ಬರೂ ಐತವಾರ ಎತ್ತಿನ ಗಾಡಿ ಶರ್ಯತ್ತು ಐತಿ. ಉಳದ ದಿನಾನೂ ರೇಸ್ ಐತಿ, ಆದ್ರ ಅದಕ್ಕ ಬಹುಮಾನ ಇಲ್ಲ."

ದೊಡ್ಡ ರೇಸುಗಳಲ್ಲಿ ಎರಡು ದಿನ ಮೊದಲೇ ಹೋಗಿ ಟ್ರ್ಯಾಕಿನ ಮೇಲೆ ನಡೆದು, ಎಲ್ಲಿ ಉಬ್ಬು, ಎಲ್ಲಿ ತಗ್ಗು ಅಂತ ನೋಡಿಕೊಳ್ಳುತ್ತಾರೆ. ನಾನೂ ಶುಕ್ರವಾರವೇ ಹೊರಟೆ. ತಲೆಗೆ ಹೆಲ್ಮೆಟ್, ಮೈಗೆ ಹೊಳೆಯುವ ಹಳದಿ ಪಟ್ಟಿಯ ಜಾಕೆಟ್, ಕಿಸೆಯಲ್ಲಿ ನೋಟ್‌ಬುಕ್, ಅಳತೆ ಟೇಪು. ಟೇಪು ಯಾಕೆ ಒಯ್ದೆನೋ ದೇವರೇ ಬಲ್ಲ. ಮುಂದಿನ ಅವಾಂತರಕ್ಕೆಲ್ಲ ಅದೇ ಕಾರಣ.

ಮುಖ್ಯ ರಸ್ತೆಯಿಂದ ಮಾಮಾನ ಊರಿಗೆ ಆರು ಕಿಲೋಮೀಟರ್. ಆರು ಕಿಲೋಮೀಟರಿಗೆ ಹನ್ನೊಂದು ಹಂಪ್. ತಗ್ಗುಗಳನ್ನು ಎಣಿಸಲು ಹೋಗಿ ನಲವತ್ತಕ್ಕೆ ಬಿಟ್ಟೆ, ಯಾಕೆಂದರೆ ಅಲ್ಲಿಂದ ಮುಂದೆ ತಗ್ಗು ಎಲ್ಲಿ ಮುಗಿಯುತ್ತೆ, ರಸ್ತೆ ಎಲ್ಲಿ ಶುರುವಾಗುತ್ತೆ ಅಂತ ಗೊತ್ತಾಗಲಿಲ್ಲ.

ಹಂಪುಗಳನ್ನು ಮಾಮಾ ತಮ್ಮ ಹೊಲದ ಬೆಳೆ ತೋರಿಸುವಷ್ಟು ಅಕ್ಕರೆಯಿಂದ ತೋರಿಸಿದರು. ಮೊದಲನೆಯದು ಮಾಜಿ ಮೆಂಬರರ ಮನೆ ಮುಂದಿನದು. ಎರಡನೆಯದು ಅಲ್ಲಿಂದ ನಲವತ್ತು ಹೆಜ್ಜೆ ದೂರ, ಹಾಲಿ ಮೆಂಬರರ ಮನೆ ಮುಂದೆ. ಇದು ಮೊದಲಿನದಕ್ಕಿಂತ ಒಂದು ಇಂಚು ಎತ್ತರ. ಅಧಿಕಾರದಲ್ಲಿದ್ದವರಿಗೆ ಅಷ್ಟಾದರೂ ಬೇಡವಾ? ಮೂರನೆಯದು ಗುಡಿ ಮುಂದೆ. ಐದನೆಯದು ಖಾಲಿ ಜಾಗದ ಮುಂದೆ ಇತ್ತು. ಸುತ್ತ ಜಾಲಿ ಕಂಟಿ ಬಿಟ್ಟರೆ ನರಪಿಳ್ಳೆ ಇಲ್ಲ.

"ಇಲ್ಲಿ ಯಾಕೆ ಮಾಮಾ?"

"ಮುಂದಿನ ಇಲೆಕ್ಷನ್‌ಗೆ ನಿಲ್ಲಾವ್ರ ಇಲ್ಲೆ ಮನಿ ಕಟ್ಟಾವ್ರ ಅದಾರ."

ಹಂಪಿಗೆ ಒಂದು ಲೆಕ್ಕ ಇದೆ. ರಸ್ತೆ ಹೇಗಿರಬೇಕು ಅಂತ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ ಬರೆದಿಟ್ಟ ಪ್ರಕಾರ ಎತ್ತರ 10 ಸೆಂಟಿಮೀಟರ್, ಉದ್ದ 3.7 ಮೀಟರ್. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಬಂದವನು ಸೊಂಟ ಉಳಿಸಿಕೊಂಡು ದಾಟಬೇಕು. ಮೇಲೆ ಬಣ್ಣದ ಪಟ್ಟೆ, ಸ್ವಲ್ಪ ಮೊದಲೇ ಒಂದು ಬೋರ್ಡ್. ನಾನು ಬಗ್ಗಿ ಎರಡನೇ ಹಂಪಿಗೆ ಟೇಪು ಹಿಡಿದೆ. ಎತ್ತರ 22, ಉದ್ದ 60 ಸೆಂಟಿಮೀಟರ್. ಇದನ್ನು ಹಂಪ್ ಅನ್ನುವುದಕ್ಕಿಂತ ಬದು ಅನ್ನುವುದು ವಾಸಿ. ಮಳೆಗಾಲದಲ್ಲಿ ನೀರು ನಿಂತು ಅಂತರ್ಜಲ ಹೆಚ್ಚಿರಲೂಬಹುದು. ಬಣ್ಣ ಇರಲಿಲ್ಲ. ಆದರೆ ಅಡಿಯಲ್ಲಿ ಉಜ್ಜಿದ ಕಾರುಗಳ ಎಣ್ಣೆ ಸೋರಿ ಕಪ್ಪು ಪಟ್ಟೆ ತಾನಾಗೇ ಬಿದ್ದಿತ್ತು.

ಐಲ್ ಆಫ್ ಮ್ಯಾನ್‌ನಲ್ಲಿ ಬಲ್ಲಾಫ್ ಅಂತ ಒಂದು ಸೇತುವೆ ಇದೆ. ಅದರ ಮೇಲೆ ಬೈಕಿನ ಎರಡೂ ಗಾಲಿ ನೆಲ ಬಿಡುತ್ತವೆ. ಅದರ ಫೋಟೊ ತೆಗೆಯಲು ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ನಾನು ನೋಡುತ್ತಿದ್ದಂತೆಯೇ ಒಬ್ಬರು ಸ್ಪ್ಲೆಂಡರ್ ಮೇಲೆ ಬಂದರು. ಹಿಂದೆ ಹೆಂಡತಿ, ಮುಂದೆ ಮಗು, ಹ್ಯಾಂಡಲ್ಲಿಗೆ ಹಾಲಿನ ಕ್ಯಾನು. ಎರಡೂ ಗಾಲಿ ನೆಲ ಬಿಟ್ಟವು. ಹಾಲು ಒಂದು ಹನಿ ಚೆಲ್ಲಲಿಲ್ಲ. ಯಾರೂ ಫೋಟೊ ತೆಗೆಯಲಿಲ್ಲ.

ನಾಲ್ಕನೇ ಹಂಪಿನ ಹತ್ತಿರ ಶಾಲೆ ಬಿಟ್ಟ ಹುಡುಗರು ಸಾಲಾಗಿ ಕೂತಿದ್ದರು. ಕಬ್ಬಿನ ಸೀಜನ್ ಅಲ್ವಾ, ಹಿಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಎದೆ ನಡುಗುವಂತೆ ಹಾಡು ಹಚ್ಚಿಕೊಂಡು ಟ್ರ್ಯಾಕ್ಟರುಗಳು ಫ್ಯಾಕ್ಟರಿ ಕಡೆ ಹೋಗುತ್ತಿದ್ದವು. ಹಂಪ್ ಬಂತು, ಟ್ರ್ಯಾಕ್ಟರ್ ಮೆತ್ತಗಾಯಿತು. ಹುಡುಗರು ಎದ್ದರು. ಸರ್ ಸರ್ ಅಂತ ನಾಲ್ಕು ಗಳ ಕಬ್ಬು ಇಳಿಯಿತು. ಹುಡುಗರು ಮತ್ತೆ ಕೂತರು. ಡ್ರೈವರ್ ಹಿಂದೆ ತಿರುಗಿಯೂ ನೋಡಲಿಲ್ಲ. 2023ರಲ್ಲಿ ಕತಾರ್‌ನಲ್ಲಿ ಮೆಕ್ಲಾರೆನ್ ತಂಡ 1.80 ಸೆಕೆಂಡಿನಲ್ಲಿ ನಾಲ್ಕೂ ಗಾಲಿ ಬದಲಿಸಿ ಪಿಟ್ ಸ್ಟಾಪ್ ದಾಖಲೆ ಮಾಡಿತ್ತು. ಅವರಿಗೆ ಜ್ಯಾಕ್, ನಟ್ಟು ಬಿಚ್ಚುವ ಗನ್, ಇಪ್ಪತ್ತು ಜನ ಎಲ್ಲ ಇದ್ದರು, ಬಿಡಿ. ಇಡೀ ಆರು ಕಿಲೋಮೀಟರಿನಲ್ಲಿ ಉಪಯೋಗಕ್ಕೆ ಬಂದ ಹಂಪ್ ಇದೊಂದೇ.

ಏಳನೇ ಹಂಪ್ ದಾಟಿದರೆ ರಸ್ತೆ ತುಂಬ ತೊಗರಿ ಕಟ್ಟಿಗೆ. ಓಡಾಡುವ ಗಾಡಿಗಳ ಗಾಲಿಗೆ ಸಿಕ್ಕಿ ಕಾಳು ಬಿಡಲಿ ಅಂತ ಹರವಿದ್ದರು. ರೇಸ್ ಟ್ರ್ಯಾಕಿನಲ್ಲಿ ದಾರಿ ತಪ್ಪಿದವನನ್ನು ಹಿಡಿದು ನಿಲ್ಲಿಸಲು ಪಕ್ಕದಲ್ಲಿ ಗರಸು ಸುರಿದಿರುತ್ತಾರೆ. ನಮ್ಮಲ್ಲಿ ದಾರಿ ತಪ್ಪದವನನ್ನೂ ಹಿಡಿದು ನಿಲ್ಲಿಸುವ ವ್ಯವಸ್ಥೆ.

ಅಷ್ಟರಲ್ಲಿ ಎದುರಿನಿಂದ ಒಂದು ಗಾಡಿ ಧೂಳೆಬ್ಬಿಸಿ ಬಂತು. ಒಂದು ಕಡೆ ಎತ್ತು, ಇನ್ನೊಂದು ಕಡೆ ಕುದುರೆ. ಐತವಾರದ ಶರ್ಯತ್ತಿಗೆ ಪ್ರಾಕ್ಟೀಸ್. ಅದರ ಹಿಂದೆಯೇ ಹಾರ್ನ್ ಬಾರಿಸುತ್ತಾ ಹಾಲಿನ ಗಾಡಿ. ನಾನು ಬದಿಗೆ ಹಾರಿ ತೊಗರಿ ಕಟ್ಟಿಗೆಯಲ್ಲಿ ಬಿದ್ದೆ.

ಎದ್ದು ಜಾಕೆಟ್ ಝಾಡಿಸಿಕೊಳ್ಳುತ್ತಾ ಮಾಮಾಗೆ ಒಂದು ಕತೆ ಹೇಳಿದೆ. 1927ರಲ್ಲಿ ಐಲ್ ಆಫ್ ಮ್ಯಾನ್‌ನಲ್ಲಿ ಆರ್ಚಿ ಬರ್ಕಿನ್ ಎಂಬ ಸವಾರ ಪ್ರಾಕ್ಟೀಸ್ ಮಾಡುತ್ತಿದ್ದ. ಆಗ ಪ್ರಾಕ್ಟೀಸಿಗೆ ರಸ್ತೆ ಮುಚ್ಚುತ್ತಿರಲಿಲ್ಲ. ಎದುರಿಗೆ ಮೀನಿನ ವ್ಯಾನ್ ಬಂತು, ತಪ್ಪಿಸಲು ಹೋಗಿ ಸತ್ತ. ಮುಂದಿನ ವರ್ಷದಿಂದ ಪ್ರಾಕ್ಟೀಸಿಗೂ ರಸ್ತೆ ಬಂದ್. ಆ ತಿರುವಿಗೆ ಇವತ್ತಿಗೂ ಬರ್ಕಿನ್ ಹೆಸರೇ ಇದೆ. ತನ್ನ ಹೆಸರಿನದೊಂದು ತಿರುವು ಇರಲಿ ಅಂತ ಯಾವ ರೇಸ್ ಹುಚ್ಚನಿಗೆ ಆಸೆ ಇರುವುದಿಲ್ಲ ಹೇಳಿ, ಸಾಯದೇ ಸಿಗುವುದಾದರೆ.

"ಒಂದ ಸಾವಿಗೆ ಇಷ್ಟೆಲ್ಲಾ ಮಾಡಿದ್ರಾ?" ಮಾಮಾ ಹುಬ್ಬೇರಿಸಿದರು. "ನಮ್ಮಲ್ಲೂ ಮಾಡ್ಯಾರ ಬಿಡು. ಮೂರ ಮಂದಿ ಹ್ವಾದ ಮ್ಯಾಲ ಬೋರ್ಡ್ ಹಚ್ಯಾರ."

ಬೋರ್ಡ್ ಇತ್ತು. ‘ಅಪಘಾತ ವಲಯ, ನಿಧಾನವಾಗಿ ಚಲಿಸಿ’ ಅಂತ ಬರೆದಿದ್ದಿರಬೇಕು. ಜಾಲಿ ಬೆಳೆದು ಮುಚ್ಚಿ, ‘ನಿಧಾನವಾಗಿ’ ಅನ್ನುವುದಷ್ಟೇ ಕಾಣುತ್ತಿತ್ತು. ರಸ್ತೆ ರಿಪೇರಿ ಬಗ್ಗೆ ಬರೆದಿದ್ದೇನೋ ಅಂದುಕೊಂಡೆ.

ಟೇಪು ಬಿಚ್ಚಿಕೊಂಡು ನಿಂತಿದ್ದೆನಲ್ಲ, ಹಿಂದೆ ಜನ ಸೇರಿದ್ದು ಗೊತ್ತೇ ಆಗಿರಲಿಲ್ಲ. ಹಳದಿ ಪಟ್ಟಿ, ಹೆಲ್ಮೆಟ್, ಟೇಪು, ಕೈಯಲ್ಲಿ ಪೆನ್ನು. ಮೊದಲು ಚಹಾ ಬಂತು. ಆಮೇಲೆ ಕುರ್ಚಿ ಬಂತು. ಆಮೇಲೆ ಒಬ್ಬ ಅಜ್ಜಿ ಬಂದು ಕೈ ಮುಗಿದಳು.

"ಯಪ್ಪಾ ಸಾಹೇಬಾ, ಮೂರ ವರ್ಷಾತು. ಸಾಲಿ ಬಸ್ ಊರಾಗ ಬರವಲ್ದು. ಈ ತಗ್ಗ ಒಂದ ಮುಚ್ಚಸ್ರಿ."

"ಅಜ್ಜಿ, ನಾನು ಇಂಜಿನಿಯರ್ ಅಲ್ಲ. ಶರ್ಯತ್ತು ನೋಡೋಕೆ ಬಂದವನು."

"ಹೌದ್ರಿ," ಅಂದರು ಪಕ್ಕದ ಹಿರಿಯರು, ಎಲ್ಲ ಅರ್ಥವಾದವರ ಹಾಗೆ. "ಎಲ್ಲಾರೂ ಮೊದಲ ಹಂಗ ಅಂತಾರ್ರೀ."

ಅವರ ಮನೆ ಮುಂದೆ ಮಾತ್ರ ಹಂಪ್ ಇರಲಿಲ್ಲವಂತೆ. ಬೀಗರು ಬಂದಾಗ ಅವಮಾನ ಆಗುತ್ತದಂತೆ. ಹಾಳೆ ತಂದರು, ಅಲ್ಲೇ ಮನವಿ ಬರೆದರು, ಕೆಳಗೆ ಹದಿನೇಳು ಸಹಿ ಬಿತ್ತು. ಜಾಗ ತೋರಿಸಿ ಅಂದರು. ಇವರ ಕೈಯಿಂದ ಬಿಡಿಸಿಕೊಂಡರೆ ಸಾಕು ಅಂತ ಟೇಪು ಹಿಡಿದು ಸುಮ್ನೆ ಒಂದು ಗೆರೆ ಎಳೆದೆ. ಮನವಿಯನ್ನು ಜಾಕೆಟ್ ಕಿಸೆಗೆ ಅವರೇ ತುರುಕಿದರು.

ಶನಿವಾರ ರಾತ್ರಿ ಹತ್ತು ಗಂಟೆಗೆ ಜೆಸಿಬಿ ಸದ್ದು. ಹೊರಗೆ ಬಂದು ನೋಡಿದರೆ ಹನ್ನೊಂದೂ ಹಂಪ್ ಕೀಳುತ್ತಿದ್ದರು. ಹಿಂದೆ ಟಿಪ್ಪರಿನಲ್ಲಿ ಗರಸು ಬಂತು, ತಗ್ಗು ತುಂಬಿದರು, ರೋಲರ್ ಹೊಡೆದರು, ಟ್ಯಾಂಕರಿನಿಂದ ನೀರು ಹಾಕಿದರು. ಬೆಳಗಾಗುವುದರೊಳಗೆ ರಸ್ತೆ ಅಂಗೈಯ ಹಾಗೆ. ಮೂರು ವರ್ಷ ಮಕ್ಕಳಿಗೆ ಆಗದ ಕೆಲಸ ಎತ್ತಿಗೆ ಒಂದೇ ರಾತ್ರಿಯಲ್ಲಿ ಆಯಿತು.

"ಎತ್ತಿನ ಕಾಲಿಗೆ ಪೆಟ್ಟಾದ್ರ ಮಾಡೂದೇನ? ಒಂದೊಂದ ಎತ್ತಿಗೆ ಎಷ್ಟ ಲಕ್ಷ ಐತಿ ಗೊತ್ತೇನ?" ಅಂದರು ಮಾಮಾ. ಸೊಂಟ ಹಿಡಿದ ಮನುಷ್ಯನಿಗೆ ಯಾರು ಲಕ್ಷ ಕೊಡುತ್ತಾರೆ?

ಶರ್ಯತ್ತು ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಒಬ್ಬ ಹೆಗಲಿಗೆ ಟಾವೆಲ್ ಹಾಕಿಕೊಂಡು ರಸ್ತೆಗೆ ಅಡ್ಡ ನಿಂತ. ರಸ್ತೆ ಬಂದ್! ಬಸ್ಸು ಹಿಂದಕ್ಕೆ ಹೋಯಿತು. ಐಲ್ ಆಫ್ ಮ್ಯಾನ್‌ನವರು ರೇಸಿಗಾಗಿ ರಸ್ತೆ ಮುಚ್ಚಲು 1904ರಲ್ಲಿ ಕಾನೂನೇ ಮಾಡಬೇಕಾಯಿತು. ನಮಗೆ ಒಂದು ಟಾವೆಲ್ ಸಾಕು. ಎತ್ತಿನ ಗಾಡಿ ಓಟಕ್ಕೆ 2017ರ ಕರ್ನಾಟಕದ ತಿದ್ದುಪಡಿ ಇದೆ, 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಅಂದರೆ ಎತ್ತಿನ ಕಾಗದಪತ್ರ ಪಕ್ಕಾ. ತಕರಾರು ಇರುವುದು ಎತ್ತಿನ ಹಿಂದೆ ಓಡುವುದರದ್ದು. ಗಾಡಿ ಬಿಟ್ಟಿದ್ದೇ ತಡ, ಐವತ್ತು ಬೈಕು ಬೆನ್ನು ಹತ್ತಿದವು. ಸೈಲೆನ್ಸರ್ ಕಿತ್ತಿದ್ದು, ಒಂದರ ಮೇಲೆ ಮೂವರು, ನಡುವಿನವನು ನಿಂತುಕೊಂಡು ವಿಡಿಯೊ. ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಅನುಮತಿ ಇಲ್ಲದೆ ರಸ್ತೆಯಲ್ಲಿ ರೇಸ್ ಮಾಡಿದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ಇವರು ರೇಸ್ ಮಾಡುತ್ತಿಲ್ಲ ನೋಡಿ. ಶರ್ಯತ್ತು ನೋಡುತ್ತಿದ್ದಾರೆ, ಅಷ್ಟೇ. ಎಂಬತ್ತರ ಸ್ಪೀಡಿನಲ್ಲಿ ನೋಡುತ್ತಿದ್ದಾರೆ.

ಗೆದ್ದವರಿಗೆ ಬೈಕ್ ಬಹುಮಾನ. ಕೊಟ್ಟವರು ಮಾಜಿ ಮೆಂಬರು, ಹೂವಿನ ಹಾರ ಹಾಕಿದವರು ಹಾಲಿ ಮೆಂಬರು. ಇಬ್ಬರೂ ಭಾಷಣದಲ್ಲಿ ರಸ್ತೆ ಮಾಡಿಸಿದ್ದು ತಾವೇ ಅಂದರು. ಮಾಡಿದ್ದು ಒಂದೇ ರಾತ್ರಿಯ ರಸ್ತೆಯಾದರೂ ಇಬ್ಬರು ತಂದೆಯರು.

ಸೋಮವಾರ ಬೆಳಿಗ್ಗೆ ಹೊರಟೆ. ಸಾಲಿ ಬಸ್ ಮೂರು ವರ್ಷದಲ್ಲಿ ಮೊದಲ ಸಲ ಊರೊಳಗೆ ಬಂದಿತ್ತು. ಅದರ ಹಿಂದೆಯೇ ಅದೇ ಜೆಸಿಬಿ, ಅದೇ ಟಿಪ್ಪರ್. ಹಂಪ್ ಮತ್ತೆ ಹಾಕಲು. ಬಸ್ಸು ಮಕ್ಕಳನ್ನು ಹತ್ತಿಸಿಕೊಂಡು ಹೊರಬೀಳುವಷ್ಟರಲ್ಲಿ ಎರಡನೇ ಹಂಪ್ ಎದ್ದಾಗಿತ್ತು. ಡ್ರೈವರ್ ಅದನ್ನು ನೋಡಿದ, ಆಮೇಲೆ ಮಕ್ಕಳನ್ನು ನೋಡಿದ. ಮಂಗಳವಾರದಿಂದ ಬರುವುದಿಲ್ಲ ಅಂತ ಮುಖದ ಮೇಲೇ ಬರೆದಿತ್ತು.

ಹತ್ತು ದಿನದ ಮೇಲೆ ಮಾಮಾ ಫೋನ್ ಮಾಡಿದರು.

"ತಮ್ಮಾ, ನೀ ಟೇಪ್ ಹಿಡದ ಗೆರಿ ಕೊರದಿದ್ದಿಲ್ಲ? ಅಲ್ಲೆ ಹಂಪ್ಸ್ ಬಂತ ನೋಡು. ಈಗ ಹನ್ನೆರಡಾದವು. ಮಂದಿ ಭಾಳ ಖುಷಿ ಆಗ್ಯಾರ. ಬಂದ ಇಂಜಿನಿಯರ್ ಭಾರಿ ಮನಷ್ಯಾ, ಒಂದ ರೂಪಾಯಿ ತಗೊಳ್ಳಲಿಲ್ಲ ಅನ್ನಾಕತ್ತಾರ."

"ಮಾಮಾ, ಮನವಿ ಇನ್ನೂ ನನ್ನ ಕಿಸೇಲೇ ಇದೆ!"

"ಇರ್ಲಿ ಬಿಡು. ಅದಕ್ಕ ‘ಇಂಜಿನಿಯರ್ ಹಂಪ್ಸ್’ ಅಂತ ಹೆಸರೂ ಇಟ್ಟಾರ. ಐತವಾರ ಪೂಜಿ ಐತಿ, ಕಾಯಿ ಒಡ್ಯಾಕ ನಿನ್ನ ಕರ್ಯಾಕತ್ತಾರ. ಬರೂ ಮುಂದ ಆ ಹಳದಿ ಪಟ್ಟಿ ಜಾಕೀಟ ಹಾಕ್ಕೊಂಡ ಬಾ."