ಯಾರು ನೋಡಿಕೊಳ್ಳಬೇಕು ಅನ್ನೋದನ್ನ ಅವರೇ ಹೇಳಲಿ

ಮನೆಯವರೇ ಆರೈಕೆ ಮಾಡಿದರೆ ಸರ್ಕಾರ ದುಡ್ಡು ಕೊಡಬಾರದು, ಸಹಾಯಕರನ್ನು ಕಳಿಸುವ ಏಜೆನ್ಸಿಗಳಿಗೆ ಮಾತ್ರ ಕೊಡಬೇಕು ಅಂತ ಲೇಖನದಲ್ಲಿ ಬರೆದಿದ್ದೀರಿ. ನಾನು ಖಂಡಿತ ಒಪ್ಪುವುದಿಲ್ಲ. ಕ್ಯಾಲಿಫೋರ್ನಿಯಾದ ಐಎಚ್‌ಎಸ್‌ಎಸ್ (ಮನೆಯಲ್ಲೇ ಆರೈಕೆ ಮಾಡುವವರಿಗೆ ಸರ್ಕಾರ ಸಂಬಳ ಕೊಡುವ) ಯೋಜನೆಯಲ್ಲಿ ನಮ್ಮತ್ತೆಯನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಇಲ್ಲಿ ಸಹಾಯಕರನ್ನು ಆರಿಸೋದು, ಕೆಲಸ ಹೇಳೋದು, ಬೇಡವಾದರೆ ಬಿಡಿಸೋದು ಎಲ್ಲ ಆರೈಕೆ ಪಡೆಯುವವರ ಕೈಯಲ್ಲೇ ಇದೆ. ಮಗಳು, ಸೊಸೆ, ಪಕ್ಕದ ಮನೆಯವರು, ಯಾರಾದರೂ ಆಗಬಹುದು.

ಸುಮ್ನೆ ದುಡ್ಡು ಹಂಚುತ್ತಾರೆ ಅಂದುಕೊಳ್ಳಬೇಡಿ. ಮೆಡಿ-ಕ್ಯಾಲ್, ಅಂದರೆ ಕಡಿಮೆ ಆದಾಯದವರಿಗೆ ಇಲ್ಲಿನ ಸರ್ಕಾರ ಕೊಡುವ ಆರೋಗ್ಯ ವಿಮೆ, ಇರಬೇಕು. ಕೌಂಟಿಯ (ನಮ್ಮ ಜಿಲ್ಲೆ ಇದ್ದಹಾಗೆ) ಸೋಷಿಯಲ್ ವರ್ಕರ್ ಸ್ನಾನ, ಬಟ್ಟೆ, ಅಡುಗೆ, ಆಸ್ಪತ್ರೆ ಓಡಾಟ ಅಂತ ಒಂದೊಂದಕ್ಕೂ ಸಮಯದ ಲೆಕ್ಕ ಹಾಕುತ್ತಾರೆ. ಹೆಚ್ಚೆಂದರೆ ತಿಂಗಳಿಗೆ 283 ಗಂಟೆ. ನೋಡಿಕೊಳ್ಳುವವರು ಬೆರಳಚ್ಚು ಕೊಡಬೇಕು, ಟೈಮ್‌ಶೀಟ್ ತುಂಬಬೇಕು.

ಅತ್ತೆಗೆ ಸ್ಟ್ರೋಕ್ ಆದಮೇಲೆ ಎಡಗೈ ಏಳುವುದಿಲ್ಲ. ರವಿಕೆ ತೊಡಿಸುವಾಗ ಮೊದಲು ಎಡಗೈ ತೂರಿಸಬೇಕು, ಆಮೇಲೆ ಬಲಗೈ. ಮುಂಚೆ ಏಜೆನ್ಸಿಯಿಂದ ಬರುತ್ತಿದ್ದವರು ಪದೇ ಪದೇ ಬದಲಾಗುತ್ತಿದ್ದರು. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ, ನೋವಾದರೂ ಹಲ್ಲು ಕಚ್ಚಿಕೊಂಡು ಇರುತ್ತಿದ್ದರು. ಈಗ "ನಿಧಾನ ಕಣೇ, ತೋಳು ಎಳೀಬೇಡ" ಅಂತ ಗದರುತ್ತಾರೆ. ಆ ಗದರಿಕೆ ಕೇಳಿದರೆ ನನಗೆ ಖುಷಿ.

ಇದು ಯಾರೋ ಕೊಟ್ಟ ಭಿಕ್ಷೆಯೂ ಅಲ್ಲ. ಪೋಲಿಯೋದಿಂದ ಕೈಕಾಲಿನ ಶಕ್ತಿ ಹೋಗಿದ್ದ ಎಡ್ ರಾಬರ್ಟ್ಸ್ ಮತ್ತು ಗೆಳೆಯರು 1972ರಲ್ಲಿ ಇದೇ ರಾಜ್ಯದ ಬರ್ಕ್‌ಲಿಯಲ್ಲಿ ಅಂಗವಿಕಲರೇ ನಡೆಸುವ ಸೆಂಟರ್ ಫಾರ್ ಇಂಡಿಪೆಂಡೆಂಟ್ ಲಿವಿಂಗ್ ಶುರುಮಾಡಿದ್ದೇ ತಮ್ಮ ಬದುಕು ತಮ್ಮ ಕೈಯಲ್ಲಿರಲಿ ಅಂತ ಅಲ್ವಾ?

ಏಜೆನ್ಸಿ ಬೇಕಾದವರಿಗೆ ಇರಲಿ. ಇಲ್ಲಿರುವ ಕನ್ನಡದವರಿಗೆ ಇನ್ನೊಂದು ಮಾತು: ಗಂಟೆ ಕಡಿಮೆ ಕೊಟ್ಟರೆ ಸುಮ್ಮನಾಗಬೇಡಿ. ನೋಟಿಸ್ ಬಂದ 90 ದಿನದೊಳಗೆ ಸ್ಟೇಟ್ ಹಿಯರಿಂಗ್, ಅಂದರೆ ಕೌಂಟಿಯ ತೀರ್ಮಾನದ ಮೇಲೆ ರಾಜ್ಯದ ಮುಂದೆ ವಿಚಾರಣೆ, ಕೇಳಬಹುದು.